ಐದು ವರ್ಷದ ಸಂಶೋಧನೆ, ಇಪ್ಪತ್ತೈದು ವರ್ಷದ ಖಾತರಿ

ಅರಸೀಕೆರೆಯಿಂದ ಹಳೇಬೀಡಿನ ಮೂಲಕ ಬೇಲೂರಿಗೆ ಹೋಗುವವರಿಗೆ ಒಂದೇ ಜಿಲ್ಲೆಯಲ್ಲಿ ಎರಡು ಹವಾಮಾನಗಳ ಪರಿಚಯವಾಗುತ್ತದೆ. ಅತ್ತ ತೆಂಗು ಬೆಳೆಯುವ, ಬರಕ್ಕೆ ಪದೇ ಪದೇ ತುತ್ತಾಗುವ ಬಯಲುಸೀಮೆ. ಇತ್ತ ಮಲೆನಾಡಿನ ಸೆರಗು. ಸೇವೆಯಲ್ಲಿದ್ದಾಗ ಹಲವು ಬಾರಿ ಓಡಾಡಿದ ಈ ದಾರಿಯಲ್ಲಿ ಈಚೆಗೆ ನನ್ನ ಗಮನ ಸೆಳೆದದ್ದು ಮನೆಗಳ ಮೇಲಿನ ಸೌರಫಲಕಗಳು.

ಅವುಗಳ ನೀಲಿ ಛಾಯೆ ಬರುವುದು ಬೆಳಕು ಪ್ರತಿಫಲಿಸಿ ವ್ಯರ್ಥವಾಗದಂತೆ ಸಿಲಿಕಾನಿನ ಮೇಲೆ ಲೇಪಿಸುವ ಸಿಲಿಕಾನ್ ನೈಟ್ರೈಡ್ ಪದರದಿಂದ. ಅದರ ದಪ್ಪ ಸುಮಾರು 75 ನ್ಯಾನೊಮೀಟರ್. ತಲೆಗೂದಲಿನ ಸಾವಿರದಲ್ಲೊಂದು ಪಾಲು. ಕ್ಯಾಡ್ಮಿಯಂ ಟೆಲ್ಯುರೈಡ್ ಫಲಕಗಳಲ್ಲಾದರೆ ವಿದ್ಯುತ್ ಉತ್ಪಾದಿಸುವುದೇ ಕೆಲವು ಮೈಕ್ರೊಮೀಟರಿನ ತೆಳುಪದರ. ಇಂಥ ಪದರದ ಗುಣ ನಿರ್ವಾತ, ಉಷ್ಣತೆ, ಲೇಪನದ ವೇಗ ಇವುಗಳಲ್ಲಿ ತುಸು ವ್ಯತ್ಯಾಸವಾದರೂ ಬದಲಾಗುತ್ತದೆ. ಒಂದು ಪ್ರಯೋಗಾಲಯದ ಫಲಿತಾಂಶವನ್ನು ಇನ್ನೊಂದು ಪರೀಕ್ಷಿಸಲೇಬೇಕು. ಆದ್ದರಿಂದ ಇಲ್ಲಿ ಅಂತರರಾಷ್ಟ್ರೀಯ ಸಹಯೋಗವೆಂಬುದು ಅಲಂಕಾರವಲ್ಲ, ಅಗತ್ಯ.

2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದ ನೇತೃತ್ವದಲ್ಲಿ ‘ಸೀರಿಯಸ್’ ಎಂಬ ಸೌರ ಸಂಶೋಧನಾ ಒಕ್ಕೂಟ ಆರಂಭವಾಯಿತು. ಸೌರಶಕ್ತಿ, ಜೈವಿಕ ಇಂಧನ, ಕಟ್ಟಡಗಳ ಇಂಧನ ದಕ್ಷತೆ ಈ ಮೂರಕ್ಕೂ ಸೇರಿ ಎರಡೂ ಸರ್ಕಾರಗಳು ಐದು ವರ್ಷಗಳಿಗೆ ತಲಾ 2.5 ಕೋಟಿ ಡಾಲರ್ ನೀಡಲು ಒಪ್ಪಿದ್ದವು. ಪ್ರಯತ್ನ ಸ್ತುತ್ಯರ್ಹವೇ. ನನ್ನ ತಕರಾರಿರುವುದು ಆ ‘ಐದು ವರ್ಷ’ದ ಬಗ್ಗೆ.

ಫಲಕಗಳಿಗೆ ತಯಾರಕರು ಸಾಮಾನ್ಯವಾಗಿ ನೀಡುವ ಖಾತರಿ 25 ವರ್ಷಗಳದು. ತೇವಾಂಶ ತಡೆಯುವ ಶಕ್ತಿಯನ್ನು ಅಳೆಯುವ ಪ್ರಮಾಣಿತ ಪರೀಕ್ಷೆಯಾದರೋ 85 ಡಿಗ್ರಿ ಶಾಖ, ಶೇ 85ರ ಆರ್ದ್ರತೆಯಲ್ಲಿ 1,000 ಗಂಟೆ, ಅಂದರೆ ಆರು ವಾರ. ಅರಸೀಕೆರೆಯ ದೂಳು, ಬೇಲೂರಿನ ಮುಂಗಾರು ಇವು ಆ ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ. (ಹಳೇಬೀಡಿನ ಬಳಪದ ಕಲ್ಲಿಗೆ ಯಾರೂ ಖಾತರಿಪತ್ರ ಬರೆದುಕೊಟ್ಟಿರಲಿಲ್ಲ, ಒಂಬತ್ತು ಶತಮಾನಗಳ ಮಳೆಬಿಸಿಲೇ ಅದರ ಪರೀಕ್ಷಕ.) 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಡಿ ಮನೆಯೊಂದಕ್ಕೆ 78,000 ರೂಪಾಯಿವರೆಗೆ ಸಹಾಯಧನವಿದೆ. ಉಳಿದದ್ದು ಕುಟುಂಬದ ಉಳಿತಾಯ ಅಥವಾ ಸಾಲ. ಹನ್ನೆರಡನೆಯ ವರ್ಷಕ್ಕೆ ಪದರ ಸವೆದು ಉತ್ಪಾದನೆ ಕುಸಿದರೆ ಗೃಹಸ್ಥನ ಬಳಿ ಸಾಕ್ಷ್ಯವೇನಿರುತ್ತದೆ?

ಪ್ರತಿ ಜಂಟಿ ಯೋಜನೆಯ ಮೊತ್ತದಲ್ಲಿ ಒಂದು ಸಣ್ಣ ಪಾಲನ್ನು ಠೇವಣಿಯಾಗಿ ತೆಗೆದಿಡಬೇಕು. ಅದರ ಬಡ್ಡಿಯಲ್ಲಿ ಅರಸೀಕೆರೆಯಲ್ಲೊಂದು, ಬೇಲೂರಿನಲ್ಲೊಂದು ಫಲಕಗಳ ಸಾಲು ನಿಲ್ಲಿಸಿ, ಹಾಸನದ ಎಂಜಿನಿಯರಿಂಗ್ ಕಾಲೇಜುಗಳಿಂದ ತಿಂಗಳಿಗೊಮ್ಮೆ ಅಳತೆ ಮಾಡಿಸಿ, ಕಾಲು ಶತಮಾನದ ಅಂಕಿಅಂಶಗಳನ್ನು ಸಾರ್ವಜನಿಕರಿಗೆ ಒದಗಿಸಬಹುದು. ಯೋಜನೆ ಮುಗಿದ ಮೇಲೆ ಈ ವೆಚ್ಚ ಯಾವ ಲೆಕ್ಕಶೀರ್ಷಿಕೆಗೆ ಎಂದು ಹಣಕಾಸು ಇಲಾಖೆ ಕೇಳುವುದು ಖಂಡಿತ. ಕಡತಗಳ ಮೇಲೆ ಆ ಪ್ರಶ್ನೆ ಬರೆದವರಲ್ಲಿ ನಾನೂ ಒಬ್ಬ.