ಸಿಕ್ಕಿದ ಆಮೆಮರಿ ಯಾರದು?

ನಾವು ಕಡಲ ದಂಡೆಯ ಹೆಂಗಸರು. ಬೆಳಕು ಹರಿಯುವ ಮೊದಲೇ ಬುಟ್ಟಿ ಹಿಡಿದು ಮೀನಿಗೆ ಹೋಗುತ್ತೇವೆ. ದಾರಿಯಲ್ಲಿ ಮರಳಿನ ಮೇಲೆ ಏನೇನೋ ಸಿಗುತ್ತದೆ. ಹರಿದ ಬಲೆ, ಒಂಟಿ ಚಪ್ಪಲಿ, ತೆಂಗಿನಕಾಯಿ. ಒಮ್ಮೊಮ್ಮೆ ಪುಟ್ಟ ಆಮೆಮರಿಯೂ ಸಿಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಕೇರಿಯ ಹುಡುಗನಿಗೆ ಇಂಥ ಒಂದು ಮರಿ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಕಪ್ಪು ಬಣ್ಣ.

"ಅಮ್ಮಾ, ಇದನ್ನ ಸಾಕುವಾ" ಎಂದ.

ತಾಯಿಗೂ ಪಾಪ ಅನ್ನಿಸಿತು. ಬಕೆಟ್ಟಿನಲ್ಲಿ ಬಾವಿನೀರು ತುಂಬಿ ಮರಿಯನ್ನು ಬಿಟ್ಟಳು. ಹುಡುಗ ಅನ್ನದ ಅಗುಳು ಹಾಕಿದ. ಮರಿ ಮೂಸಲೂ ಇಲ್ಲ. ಹಗಲೂ ರಾತ್ರಿ ಬಕೆಟ್ಟಿನ ಗೋಡೆಗೆ ಮೂತಿ ತಾಗಿಸುತ್ತಾ ಈಜಿತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಸುಮ್ಮನೆ ತೇಲುತ್ತಿತ್ತು. ಜೀವ ಇರಲಿಲ್ಲ.

"ನಾನು ಅನ್ನ ಹಾಕಿದ್ದೆನಲ್ಲಮ್ಮಾ" ಎಂದು ಹುಡುಗ ಅತ್ತ.

ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ತಿಳುವಳಿಕೆಗೆ ಕೊರತೆ ಇತ್ತು. ಅದಕ್ಕೇ ಈ ಪಾಠ.

ಮೊದಲು ಕಾಲು ನೋಡೋಣ

ಆಮೆಗಳಲ್ಲಿ ಜಾತಿ ಹಲವು. ಎಲ್ಲಕ್ಕೂ ಒಂದೇ ಮನೆ ಅಲ್ಲ. ಮರಿ ಯಾವ ಜಾತಿಯದು ಅಂತ ಕಾಲು ನೋಡಿದರೆ ಸುಮಾರಾಗಿ ಗೊತ್ತಾಗುತ್ತದೆ.

ಕಾಲು ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿ ಉದ್ದ ಇದೆಯೇ? ಅದು ಕಡಲಾಮೆ. ಉಪ್ಪುನೀರೇ ಅದರ ಮನೆ.

ಬೆರಳು, ಉಗುರು ಇವೆಯೇ? ಬೆರಳುಗಳ ನಡುವೆ ತೆಳು ಚರ್ಮ ಇದೆಯೇ? ಅದು ಕೆರೆ, ಹೊಳೆ, ಗದ್ದೆಯ ಆಮೆ. ಅದನ್ನು ಕಡಲಿಗೆ ಬಿಡಬಾರದು.

ಕಾಲು ದಪ್ಪ, ಗಿಡ್ಡ, ಆನೆಯ ಕಾಲಿನ ಹಾಗಿದೆಯೇ? ಬೆನ್ನ ಮೇಲೆ ನಕ್ಷತ್ರದಂತೆ ಹಳದಿ ಗೆರೆಗಳಿವೆಯೇ? ಅದು ನಕ್ಷತ್ರ ಆಮೆ. ಒಣ ನೆಲದಲ್ಲಿ ಹುಲ್ಲು ತಿಂದು ಬದುಕುತ್ತದೆ. ಅದಕ್ಕೆ ಈಜು ಬಾರದು. ಆಮೆ ಅಂತ ಬಾವಿಗೆ ಬಿಟ್ಟರೆ ಮುಳುಗಿ ಸಾಯುತ್ತದೆ.

ಬಾವಿಗೆ ಆಮೆ ಬಿಟ್ಟರೆ ನೀರು ಶುದ್ಧ ಆಗುತ್ತದೆ ಎಂದು ನಮ್ಮಲ್ಲಿ ಹಲವರು ನಂಬುತ್ತಾರೆ. ನಿಜ ಹೇಳಬೇಕೆಂದರೆ ಆಮೆಯೂ ಅದೇ ನೀರಿನಲ್ಲಿ ಹೇಲುತ್ತದೆ, ಉಚ್ಚೆ ಹೊಯ್ಯುತ್ತದೆ. ಗೋಡೆ ಹತ್ತಿ ಹೊರಗೆ ಬರಲು ಅದಕ್ಕೆ ಆಗದು. ಜೀವ ಇರುವವರೆಗೂ ಅದಕ್ಕೆ ಬಾವಿಯೇ ಜೈಲು.

ಕೆರೆಯ ಆಮೆ ರಸ್ತೆ ದಾಟುವುದು ಕಂಡರೆ, ಅದು ಹೊರಟ ಕಡೆಗೇ ದಾಟಿಸಿ ಬಿಡೋಣ. ಹಿಂದಕ್ಕೆ ತಿರುಗಿಸಿ ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ.

ಕಡಲಾಮೆಯ ಕತೆ

ನಮ್ಮ ದಂಡೆಗೆ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಕಡಲಾಮೆ. ಹೊನ್ನಾವರದ ಕಾಸರಕೋಡು ಟೊಂಕಕ್ಕೆ ಬರುತ್ತದೆ. ಕಾರವಾರ, ಕುಂದಾಪುರದ ಕಡೆಗೂ ಬರುತ್ತದೆ. 2024ರಲ್ಲಿ ಮಂಗಳೂರಿನ ಸುತ್ತಿನ ದಂಡೆಯಲ್ಲೂ ಇದರ ಗೂಡು ಸಿಕ್ಕಿತು.

ಚಳಿಗಾಲದ ರಾತ್ರಿ ತಾಯಿ ಆಮೆ ಮರಳಿಗೆ ಏರಿ ಬರುತ್ತದೆ. ಹಿಂಗಾಲಿನಿಂದ ಗುಂಡಿ ತೋಡುತ್ತದೆ. ಸುಮಾರು 100 ಮೊಟ್ಟೆ ಇಡುತ್ತದೆ. ಮರಳು ಮುಚ್ಚಿ ಕಡಲಿಗೆ ಹೋಗುತ್ತದೆ. ಮತ್ತೆ ಗೂಡಿನ ಕಡೆ ಬರುವುದಿಲ್ಲ. ಕಾವು ಕೊಡುವುದು ಬಿಸಿ ಮರಳು. ಮರಳು ಹೆಚ್ಚು ಬಿಸಿ ಇದ್ದರೆ ಹೆಣ್ಣು ಮರಿ ಜಾಸ್ತಿ, ತಂಪಿದ್ದರೆ ಗಂಡು ಜಾಸ್ತಿ.

45ರಿಂದ 60 ದಿನಕ್ಕೆ ಮರಿ ಆಗುತ್ತದೆ. ಎಲ್ಲ ಮರಿಗಳೂ ಸೇರಿ ಮರಳು ಸರಿಸಿ ಮೇಲೆ ಬರುತ್ತವೆ. ಸಾಮಾನ್ಯವಾಗಿ ರಾತ್ರಿಯೇ ಹೊರಡುತ್ತವೆ. ರಾತ್ರಿ ಕಡಲಿನ ಕಡೆ ಆಕಾಶ ಸ್ವಲ್ಪ ಬೆಳಕಾಗಿ ಕಾಣುತ್ತದೆ. ಆ ಬೆಳಕೇ ಮರಿಗೆ ದಾರಿ. ನಮ್ಮ ಅಂಗಳದ ದೀಪ, ರೆಸಾರ್ಟಿನ ದೀಪ ಅದಕ್ಕಿಂತ ಜೋರಾಗಿದ್ದರೆ ಮರಿ ದಾರಿ ತಪ್ಪುತ್ತದೆ. ಕಡಲು ಬಿಟ್ಟು ರಸ್ತೆಗೆ ಬರುತ್ತದೆ.

ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಸ್ವಲ್ಪ ಉಳಿದಿರುತ್ತದೆ. ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಅದೇ ಬಲದಲ್ಲಿ ಹಗಲೂ ರಾತ್ರಿ ಈಜಿ ಆಳದ ಕಡಲು ಸೇರಬೇಕು. ಬಕೆಟ್ಟಿನಲ್ಲಿ ಇಟ್ಟರೆ ಆ ಬುತ್ತಿ ಬಕೆಟ್ಟಿನಲ್ಲೇ ಮುಗಿಯುತ್ತದೆ. ನಮ್ಮ ಕೇರಿಯ ಮರಿಗೆ ಆದದ್ದೂ ಇದೇ ಇರಬೇಕು.

ಮರಿ ಕಂಡರೆ ಏನು ಮಾಡೋಣ?

ರಾತ್ರಿ ಮರಿಗಳು ಕಡಲಿನ ಕಡೆ ಹೋಗುತ್ತಿವೆಯೇ? ಮುಟ್ಟುವುದು ಬೇಡ. ಟಾರ್ಚು, ಮೊಬೈಲಿನ ದೀಪ ಆರಿಸೋಣ. ನಾಯಿ ಬಾರದ ಹಾಗೆ ದೂರದಲ್ಲಿ ನಿಲ್ಲೋಣ. ಮಕ್ಕಳ ಕಾಲಡಿ ಮರಿ ಸಿಗದಂತೆ ನೋಡೋಣ. ಎತ್ತಿ ನೀರಿಗೆ ಎಸೆಯುವುದೂ ಬೇಡ. ಮರಿ ತಾನೇ ಮರಳಿನ ಮೇಲೆ ನಡೆಯಲಿ.

ಹಗಲಲ್ಲಿ ಸಿಕ್ಕಿತೇ? ರಸ್ತೆಯಲ್ಲಿ, ಅಂಗಳದಲ್ಲಿ ಸಿಕ್ಕಿತೇ? ಹಾಗಾದರೆ ಅದಕ್ಕೆ ನಮ್ಮ ಸಹಾಯ ಬೇಕು. ಅಗಲ ಬೋಗುಣಿಯಲ್ಲಿ ಒದ್ದೆ ಮರಳು ಹಾಕಿ ಅದರಲ್ಲಿ ಇಡೋಣ. ನೀರು ತುಂಬುವುದು ಬೇಡ. ತಿನ್ನಲು ಏನೂ ಹಾಕುವುದು ಬೇಡ. ಮೇಲೆ ತೆಳು ಬಟ್ಟೆ ಮುಚ್ಚಿ ನೆರಳಲ್ಲಿ ಇಡೋಣ. ಕೂಡಲೇ ಅರಣ್ಯ ಇಲಾಖೆಗೆ ಫೋನು ಮಾಡೋಣ. ಇಲಾಖೆಯ ಸಹಾಯವಾಣಿ ನಂಬರು 1926. ಅವರು ಬಂದು ನೋಡುತ್ತಾರೆ. ಬರುವುದು ತಡವಾದರೆ, ಮರಿಯನ್ನು ಏನು ಮಾಡಬೇಕೆಂದು ಫೋನಿನಲ್ಲೇ ಕೇಳೋಣ. ಬಿಡಿ ಎಂದರೆ, ಹೊತ್ತು ಮುಳುಗಿದ ಮೇಲೆ ನೀರಿನಿಂದ ಹತ್ತು ಹೆಜ್ಜೆ ಹಿಂದೆ ಒದ್ದೆ ಮರಳಿನ ಮೇಲೆ ಬಿಡೋಣ.

ಗಾಯ ಆಗಿದೆಯೇ? ಬಲೆಯ ದಾರ ಸುತ್ತಿದೆಯೇ? ಅಂಥದ್ದನ್ನು ನಾವು ಬಿಡುವುದು ಬೇಡ. ಇಲಾಖೆಯವರಿಗೇ ಒಪ್ಪಿಸೋಣ.

ಗೂಡು ಕಂಡಿತೇ? ಅಗೆಯುವುದು ಬೇಡ. ಒಳಗೆ ಬೆಳೆಯುವ ಜೀವ ಮೊಟ್ಟೆಯ ಮೇಲ್ಭಾಗಕ್ಕೆ ಅಂಟಿಕೊಂಡಿರುತ್ತದೆ. ಮೊಟ್ಟೆ ಉರುಳಿಸಿದರೆ ಅದು ಸಾಯಬಹುದು. ಗೂಡು ಇರುವ ಜಾಗ ಇಲಾಖೆಗೆ ತಿಳಿಸಿದರೆ ಬೇಲಿ ಹಾಕಿ ಕಾಯುತ್ತಾರೆ.

ಯಾವ ಆಮೆ ಮುಟ್ಟಿದರೂ ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಆಮೆಯ ಮೈಮೇಲಿನ ರೋಗಾಣುವಿನಿಂದ ಭೇದಿ, ಜ್ವರ ಬರಬಹುದು. ಚಿಕ್ಕ ಮಕ್ಕಳಿಗೆ ಅಪಾಯ ಹೆಚ್ಚು.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಡಲಾಮೆ, ನಕ್ಷತ್ರ ಆಮೆ ಎರಡೂ ಅದರ ಒಂದನೇ ಪಟ್ಟಿಯಲ್ಲಿವೆ. ಇವನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಮೊಟ್ಟೆ ತೆಗೆಯುವುದೂ ಅಪರಾಧ. 3ರಿಂದ 7 ವರ್ಷ ಜೈಲು ಆಗಬಹುದು. ಜೊತೆಗೆ ದಂಡವೂ ಇದೆ. "ಮನೆಯಲ್ಲಿ ಆಮೆ ಇದ್ದರೆ ದುಡ್ಡು ಬರುತ್ತದೆ" ಎಂದು ಯಾರಾದರೂ ಮರಿ ಮಾರಲು ಬಂದರೆ ಮೋಸ ಹೋಗುವುದು ಬೇಡ. ದುಡ್ಡು ಬರುವುದು ಮಾರುವವನಿಗೆ. ಕೇಸು ಬರುವುದು ನಮಗೆ.

ಹಾಗಂತ ಹೆದರಿ ಸುಮ್ಮನಿರುವುದೂ ಬೇಡ. ಸಿಕ್ಕಿದ ಮರಿಯನ್ನು ಕೂಡಲೇ ತಿಳಿಸಿ ಒಪ್ಪಿಸೋಣ. ಮುಚ್ಚಿಟ್ಟುಕೊಂಡರೇ ಕಷ್ಟ.

ಮತ್ತೆ ಆ ಹುಡುಗ

ಹೋದ ವರ್ಷ ಒಂದು ರಾತ್ರಿ ಅದೇ ಹುಡುಗ ಕೂಗಿದ. "ಅಮ್ಮಾ, ಅಂಗಳದ ಲೈಟು ಆರಿಸು! ಮರಿ ಬಂದಿದೆ!" ತಾಯಿ ಓಡಿ ದೀಪ ಆರಿಸಿದಳು. ಪಕ್ಕದ ಮನೆಯವರೂ ಆರಿಸಿದರು. ನಾವೆಲ್ಲ ಕತ್ತಲಲ್ಲಿ ನಿಂತೆವು. ನಮ್ಮ ಮನೆಯ ಕಡೆ ಬರುತ್ತಿದ್ದ ಮರಿಗಳು ಸ್ವಲ್ಪ ಹೊತ್ತು ತಡೆದವು. ಆಮೇಲೆ ಒಂದೊಂದಾಗಿ ತಿರುಗಿದವು. ಅಲೆ ಬಂತು. ಹೋದವು.

"ಎಷ್ಟು ಬದುಕುತ್ತವೆ ಅಮ್ಮಾ?" ಹುಡುಗ ಕೇಳಿದ.

ಬದುಕುವುದು ಕೆಲವೇ ಕೆಲವು. ಏಡಿ, ಹದ್ದು, ದೊಡ್ಡ ಮೀನು ಎಲ್ಲವೂ ಕಾದಿರುತ್ತವೆ. ಉಳಿದ ಹೆಣ್ಣು ಆಮೆ ದೊಡ್ಡದಾದ ಮೇಲೆ, ಸುಮಾರು 15 ವರ್ಷಕ್ಕೆ, ತಾನು ಹುಟ್ಟಿದ ದಂಡೆಯ ಕಡೆಗೇ ಮೊಟ್ಟೆ ಇಡಲು ಬರುತ್ತದೆ. ಹೆಣ್ಣುಮಗಳು ತವರಿಗೆ ಬಂದ ಹಾಗೆ.

ಅವತ್ತು ನಮ್ಮ ದಂಡೆ ಕತ್ತಲಾಗಿರಲಿ. ಮರಳು ಉಳಿದಿರಲಿ.

ಕೂತು ಮಾತಾಡೋಣ

1. ನಮ್ಮ ಊರಲ್ಲಿ ಯಾವ ಯಾವ ಆಮೆ ನೋಡಿದ್ದೇವೆ? ಅವುಗಳ ಕಾಲು ಹೇಗಿತ್ತು?
2. ಕಡಲಾಮೆಯ ಮರಿಯನ್ನು ಬಾವಿನೀರಿನಲ್ಲಿ ಏಕೆ ಇಡಬಾರದು?
3. ಅರಣ್ಯ ಇಲಾಖೆಯ ಸಹಾಯವಾಣಿ ನಂಬರನ್ನು ಓದಿ. ಮನೆಯ ಗೋಡೆಯ ಮೇಲೆ ಬರೆದಿಡಿ.