ದೈವಶಾಸ್ತ್ರಕ್ಕೂ ಬೂಸಾ ಪ್ರಶ್ನೆ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಬೈಬಲ್ಲಿಗೇನು ಕೆಲಸ ಅಂತ ಗೆಳೆಯರು ಕೇಳಬಹುದು. ಮೈಸೂರಿನಲ್ಲಿ ಕನ್ನಡ ಪಾಠ ಮಾಡುವ ನಾನು ಕ್ರೈಸ್ತನಲ್ಲ. ಆದರೆ ನಾವು ಸಾಹಿತ್ಯಕ್ಕೆ ಹಾಕಿದ ಪ್ರಶ್ನೆಯನ್ನೇ ಕೆಲವರು ದೈವಶಾಸ್ತ್ರಕ್ಕೂ ಹಾಕಿದ್ದಾರೆಂಬುದು ಓದುತ್ತ ಹೋದಂತೆ ತಿಳಿಯಿತು.

1973ರ ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಗಲಾಟೆಯಾಯಿತು, ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತಿನೊಳಗಿದ್ದ ಪ್ರಶ್ನೆ ಇಷ್ಟೆ: ಬರೆದವರು ಯಾರು, ಇದರಲ್ಲಿ ನಾವೆಲ್ಲಿ? 1981ರಲ್ಲಿ ಅರವಿಂದ ಪಿ. ನಿರ್ಮಲ್ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಶೂದ್ರ ದೈವಶಾಸ್ತ್ರ ಕುರಿತು ಮಾತಾಡಿದರು. ಬೂಸಾ ಚರ್ಚೆಗೂ ಅದಕ್ಕೂ ನೇರ ಸಂಬಂಧವಿತ್ತೆಂದು ನಾನು ಹೇಳಲಾರೆ. ಪ್ರಶ್ನೆಗಳು ಮಾತ್ರ ನೆಂಟರು. ಮುಂದೆ ದಲಿತ ದೈವಶಾಸ್ತ್ರ ಎಂದು ಹೆಸರಾದ ಚಿಂತನೆಗೆ ಆ ಭಾಷಣವೇ ಮೊದಲೆಂದು ಹೇಳುತ್ತಾರೆ.

ನಿರ್ಮಲ್ ವಾದ ಸರಳವಾಗಿದೆ. ಇಲ್ಲಿನ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರು. ಆದರೆ 'ಭಾರತೀಯ ಕ್ರೈಸ್ತ ಚಿಂತನೆ' ಎಂದು ಮರ್ಯಾದೆ ಪಡೆದದ್ದು ಮೇಲುಜಾತಿಗಳಿಂದ ಹೋದವರ ಬರಹ. ಬ್ರಹ್ಮಬಾಂಧವ ಉಪಾಧ್ಯಾಯರಂಥವರು ಕ್ರಿಸ್ತನನ್ನು ವೇದಾಂತದ ಭಾಷೆಗೆ ತಂದರು. 1971ರಲ್ಲಿ ಗುಸ್ತಾವೊ ಗುಟಿಯರೆಜ್ ಪುಸ್ತಕ ಬಂದಮೇಲೆ ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರ ನಮ್ಮಲ್ಲಿಗೂ ಬಂತು. ಅದನ್ನು ಎರವಲು ತಂದವರು ವರ್ಗವನ್ನು ಕಂಡರು, ಜಾತಿಯನ್ನು ದಾಟಿಹೋದರು ಎಂಬುದು ನಿರ್ಮಲ್ ತಕರಾರು.

ಅವರು ಓದುವ ಕ್ರಮವನ್ನು ನೋಡಿ. ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ರೈತನೊಬ್ಬ ಮೊದಲ ಫಸಲು ತಂದಿಟ್ಟು ತನ್ನ ಮೂಲ ಹೇಳಿಕೊಳ್ಳುತ್ತಾನೆ: ಹಿರಿಯರು ಅಲೆಮಾರಿಗಳು, ಐಗುಪ್ತದಲ್ಲಿ ಜೀತ, ಆಮೇಲೆ ಬಿಡುಗಡೆ. ಇದು ದಲಿತರ ಕಥೆಯೂ ಹೌದು ಎನ್ನುವ ನಿರ್ಮಲ್ ಅಲ್ಲಿಗೇ ನಿಲ್ಲುವುದಿಲ್ಲ. ಆ ಅಲೆಮಾರಿಗಿದ್ದ ತಿರುಗಾಟದ ಸ್ವಾತಂತ್ರ್ಯವೂ ತನ್ನ ಹಿರಿಯರಿಗಿರಲಿಲ್ಲ, ಅವರನ್ನು ಊರಿಂದಲೇ ಹೊರಗಿಟ್ಟಿದ್ದರು ಎನ್ನುತ್ತಾರೆ. ಪಠ್ಯದ ನೋವಿಗಿಂತ ಓದುಗನ ನೋವು ದೊಡ್ಡದಾದಾಗ ಪಠ್ಯವೇ ಓದುಗನಿಗೆ ಉತ್ತರ ಕೊಡಬೇಕಾಗುತ್ತದೆ. ಇದು ವಿಮರ್ಶೆ ಅಲ್ಲದೆ ಮತ್ತೇನು?

ಅಂಬೇಡ್ಕರ್ ಎತ್ತಿದ ಆಕ್ಷೇಪ ಇನ್ನೂ ಕಠಿಣವಾದದ್ದು. ಮತಾಂತರವಾದ ಮೇಲೂ ಜಾತಿ ಹೋಗಲಿಲ್ಲ ಎಂದರು. ಜೊತೆಗೆ, ಮನುಷ್ಯನ ಪತನಕ್ಕೆ ಆದಿಪಾಪವೇ ಕಾರಣ ಎಂಬ ಬೋಧನೆ ಅನ್ಯಾಯದ ಸಮಾಜವನ್ನು ಬಿಟ್ಟು ತನ್ನನ್ನೇ ಬೈದುಕೊಳ್ಳಲು ಕಲಿಸುತ್ತದೆ ಎಂದರು. ಯಾವ ದಲಿತ ದೈವಶಾಸ್ತ್ರವೂ ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಲಾರದು.

ಇಲ್ಲಿ ನನಗೆ ನಿರ್ಮಲ್ ಬಗ್ಗೆಯೂ ಅನುಮಾನವಿದೆ. ಯೆಶಾಯನ ಗ್ರಂಥದ ನೊಂದ ಸೇವಕನನ್ನು ಹಿಡಿದು, ದೇವರೇ ಚಾಕರಿಯವನು, ಕಸ ಗುಡಿಸುವವನು ಎಂದು ಅವರು ವಾದಿಸುತ್ತಾರೆ. ಮೇಲುಜಾತಿಯವರಿಗೆ ಇದು ಚಾಟಿಯೇಟು, ನಿಜ. ಆದರೆ ಬೆಳಗಿನ ಜಾವ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸಿಗೆ 'ನಿನ್ನ ಚಾಕರಿ ದೈವಿಕ' ಅಂದ್ರೆ ಅವಳ ಕೈಲಿರುವ ಪೊರಕೆ ಕೆಳಗಿಳಿಯುತ್ತದೆಯೇ? ಪೆನಿಯಲ್ ರಾಜಕುಮಾರ್ 2010ರ ತಮ್ಮ ಪುಸ್ತಕದಲ್ಲಿ ಈ ಮಿತಿಯನ್ನು ಚರ್ಚಿಸಿ, ಯೇಸು ರೋಗಿಗಳನ್ನು ವಾಸಿಮಾಡುವ ಕಥೆಗಳ ಕಡೆ ತಿರುಗುತ್ತಾರೆ.

ಆ ದಾರಿ ನನಗೆ ಸರಿಯೆನಿಸುತ್ತದೆ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟುತ್ತಾನೆ. ಸುದ್ದಿ ಹಬ್ಬಿ, ಆಮೇಲೆ ಅವನೇ ಬಹಿರಂಗವಾಗಿ ಊರೊಳಕ್ಕೆ ಹೋಗಲಾರದೆ ಹೊರಗೇ ಉಳಿಯುತ್ತಾನೆ. ಮುಟ್ಟಿಸಿಕೊಂಡವನು ಊರೊಳಗೆ, ಮುಟ್ಟಿದವನು ಊರಾಚೆ! ಕೇರಿಯಿಂದ ಬಂದವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನೋವಿನ ಪೂಜೆಯಿಲ್ಲ, ಜಾಗ ಅದಲುಬದಲಾಗಿದೆ.

ಆದರೆ ಓದು ಚರ್ಚಿನ ಗೋಡೆಯನ್ನೂ ಕಾನೂನನ್ನೂ ತಾನಾಗಿ ಒಡೆಯುವುದಿಲ್ಲ. ಕ್ಯಾಥೊಲಿಕ್ ಬಿಷಪ್ಪರ ಮಂಡಳಿ ದಲಿತ ಸಬಲೀಕರಣದ ನೀತಿ ಹೊರತಂದದ್ದು 2016ರಲ್ಲಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಚರ್ಚಿನಲ್ಲಿ ಜಾತಿ ಇದೆ, ಆದೇಶದಲ್ಲಿ ಅವರಿಗೆ ಜಾತಿಯಿಲ್ಲ.

ಹಾಗಾಗಿ ಸಂಘಟನೆಯ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು. ಈ ಪುಸ್ತಕಗಳನ್ನು ಧರ್ಮಗ್ರಂಥಗಳ ಕಪಾಟಿನಿಂದ ಇಳಿಸಿ ವಿಮರ್ಶೆಯ ಪುಸ್ತಕಗಳ ಜೊತೆ ಇಟ್ಟುಕೊಂಡು ಓದಿ. ನಂಬಿಕೆ ಇದ್ದವರು ನಂಬಲಿ, ಇಲ್ಲದವರು ಜಗಳವಾಡಲಿ. ಯಾರು ಓದುತ್ತಿದ್ದಾರೆ, ಎಲ್ಲಿ ನಿಂತು ಓದುತ್ತಿದ್ದಾರೆ ಎಂಬುದನ್ನು ಮಾತ್ರ ಇಬ್ಬರೂ ಕೇಳಿಕೊಳ್ಳಬೇಕು.