ಜೇಬಿಲ್ಲದ ಅಂಗಿಯ ಸ್ವಾಮಿಗಳು



ನಮ್ಮ ಜತ್ತ ತಾಲೂಕಿನವರಿಗೆ ಜನಸಂದಣಿ ಹೊಸದಲ್ಲ. ಆಷಾಢ ಬಂತೆಂದರೆ ಪಂಢರಪುರದ ದಿಂಡಿಗಳು ಹೊರಡುತ್ತವೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಕಡೆಗೆ ನಡೆದು ಬರುವವರಿಗೆ ನಾವೇ ನೀರು, ಚಹಾ ಕೊಡುತ್ತೇವೆ. ಅಲ್ಲಿ ದೇವರ ದರ್ಶನವಿದೆ, ಹರಕೆಯಿದೆ, ಜಾತ್ರೆಯ ಬೆಂಡು ಬತ್ತಾಸವೂ ಇದೆ. ಆದರೆ ಇವು ಯಾವುವೂ ಇಲ್ಲದೆ, ನಸುಕಿನ ಥಂಡಿಯಲ್ಲಿ ಕಂಬಳಿ ಹೊದ್ದುಕೊಂಡು, ಬರೀ ಒಬ್ಬರ ಮಾತು ಕೇಳಲಿಕ್ಕೆ ಸಾವಿರಾರು ಜನ ತಿಂಗಳುಗಟ್ಟಲೆ ಕೂಡುತ್ತಿದ್ದರು. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಅಂಥದ್ದು. ಅವರ ಬದುಕು ಮತ್ತು ಕಾರ್ಯದ ವಿಷಯವಾಗಿ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಬಿಜ್ಜರಗಿಯಲ್ಲಿ, ಒಕ್ಕಲುತನದ ಮನೆಯಲ್ಲಿ, 1940ರ ಸುಮಾರಿಗೆ. ಹುಡುಗನಾಗಿದ್ದಾಗಲೇ ವೇದಾಂತಕೇಸರಿ ಎಂದು ಹೆಸರಾದ ಮಲ್ಲಿಕಾರ್ಜುನ ಸ್ವಾಮಿಗಳ ಹತ್ತಿರ ಹೋದರು. ಗುರುಗಳು ಈ ಶಿಷ್ಯನಿಗೆ ಬರೀ ಮಠದ ಪಾಠ ಹೇಳಿ ಬಿಡಲಿಲ್ಲ, ಕಾಲೇಜಿಗೂ ಕಳಿಸಿದರು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಕೊಲ್ಲಾಪುರದ ಶಿವಾಜಿ ವಿದ್ಯಾಪೀಠದಿಂದ. ಇದು ನಮಗೆ ಮುಖ್ಯ. ಕನ್ನಡದ ಮಣ್ಣಿನಲ್ಲಿ ಹುಟ್ಟಿದವರು ಮರಾಠಿ ಸೀಮೆಯಲ್ಲಿ ವಿದ್ಯೆ ಪಡೆದರು. ಮುಂದೆ ಕನ್ನಡದಂತೆಯೇ ಮರಾಠಿಯಲ್ಲಿಯೂ, ಹಿಂದಿ, ಇಂಗ್ಲಿಷಿನಲ್ಲಿಯೂ ಪ್ರವಚನ ಹೇಳಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ನಮ್ಮ ಎರಡು ದೋಣಿಯ ಬಾಳು ಅವರಿಗೆ ವಿವರಿಸಿ ಹೇಳಬೇಕಾದದ್ದಾಗಿರಲಿಲ್ಲ.

ಪ್ರವಚನದ ಕ್ರಮ ಸರಳ. ಊರವರು ಹೊಲ ಹಸನು ಮಾಡಿ ಮಂಟಪ ಹಾಕಬೇಕು. ಬೆಳಿಗ್ಗೆ ಒಂದು ತಾಸು ಮಾತು. ದನಿ ಏರಿಸುವುದಿಲ್ಲ, ಕೈ ಬೀಸುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ಮರಾಠಿ ಕೀರ್ತನಕಾರರ ತಾಳ, ಮೃದಂಗ, ನಗೆ ಚಟಾಕಿ ಕೇಳಿ ರೂಢಿಯಾದ ನನಗೆ ಮೊದಲ ದಿನ ಇದು ಸಪ್ಪೆ ಅನಿಸಿದ್ದುಂಟು. ಮೂರನೆಯ ದಿನ ಅಲಾರಾಂ ಇಲ್ಲದೆ ಎಚ್ಚರವಾಯಿತು. ಉಪನಿಷತ್ತು, ಪತಂಜಲಿ ಯೋಗಸೂತ್ರ, ಅಲ್ಲಮಪ್ರಭುವಿನ ವಚನ ಎಂದರೆ ಪಂಡಿತರೂ ತಡವರಿಸುವ ವಿಷಯಗಳು. ಅವನ್ನು ಹೂವು, ಬೆಳಕು, ಬೀಜ, ಮಳೆ ಎಂಬ ಮಾತುಗಳಲ್ಲಿ ಹೇಳುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತ ಕುರಿ ಕಾಯುವ ಮುದುಕ ತಲೆದೂಗುತ್ತಿದ್ದ. ನಾನು ಮ್ಯಾಟ್ರಿಕ್ ಪಾಸಾದವನು, ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಇಬ್ಬರಿಗೂ ತಿಳಿದದ್ದು ಒಂದೇ.

ನಾನು ಬ್ಯಾಂಕಿನಲ್ಲಿ ಮೂವತ್ತು ವರುಷ ಪರರ ನೋಟು ಎಣಿಸಿದವನು. ಆದ್ದರಿಂದ ನನ್ನ ಕಣ್ಣು ಮೊದಲು ಹೋದದ್ದು ಅವರ ಅಂಗಿಯ ಮೇಲೆ. ಕಾವಿಯಲ್ಲ, ಬಿಳಿ ಅಂಗಿ. ಅದಕ್ಕೆ ಜೇಬಿಲ್ಲ. ಹಣ ಇಟ್ಟುಕೊಳ್ಳಬಾರದೆಂದು ನೇಮ ಮಾಡಿಕೊಳ್ಳುವವರು ಬಹಳ. ಇಡಲಿಕ್ಕೆ ಜಾಗವನ್ನೇ ಇಡದವರು ಕಡಿಮೆ. 2018ರಲ್ಲಿ ಕೇಂದ್ರ ಸರ್ಕಾರ ಪದ್ಮಶ್ರೀ ಪ್ರಕಟಿಸಿದಾಗಲೂ, ಸನ್ಯಾಸಿಗೆ ಪ್ರಶಸ್ತಿಯ ಆಸಕ್ತಿ ಇಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಬೇಡವೆಂದರು.

ಮಾತಿನಿಂದ ಜನ ಕೂಡಿಸುವವರು ಎಲ್ಲ ಧರ್ಮಗಳಲ್ಲಿ, ಎಲ್ಲ ದೇಶಗಳಲ್ಲಿ ಇದ್ದಾರೆ. ಅಮೆರಿಕಾದಲ್ಲಿ ಟಿ. ಡಿ. ಜೇಕ್ಸ್ ಎಂಬ ಕರಿಯ ಜನಾಂಗದ ಕ್ರೈಸ್ತ ಉಪದೇಶಕರಿದ್ದಾರೆ. 1957ರಲ್ಲಿ ಹುಟ್ಟಿ, ಹತ್ತು ಜನರ ಸಣ್ಣ ಸಭೆಯಿಂದ ಶುರು ಮಾಡಿ, 1996ರಲ್ಲಿ ಡಲ್ಲಾಸ್ ನಗರದಲ್ಲಿ ಕಟ್ಟಿದ ಚರ್ಚಿಗೆ ಸುಮಾರು 30,000 ಸದಸ್ಯರಾದರು. ಅದಕ್ಕಿಟ್ಟ ಹೆಸರು ಕುಂಬಾರನ ಮನೆ. ಕುಂಬಾರ ಗುಂಡಯ್ಯನನ್ನೂ ಗೋರಾ ಕುಂಭಾರನನ್ನೂ ಬಲ್ಲ ನಮಗೆ ಈ ಹೆಸರು ಪರಕೀಯ ಅನಿಸುವುದಿಲ್ಲ. 2025ರಲ್ಲಿ ಅವರು ಆ ಚರ್ಚನ್ನು ಮಗಳು ಅಳಿಯನ ಕೈಗೆ ಒಪ್ಪಿಸಿದರು. ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಕಟ್ಟಿದ್ದನ್ನು ಯಾರಾದರೂ ನೋಡಿಕೊಳ್ಳಲೇಬೇಕು. ಆದರೆ ಒಬ್ಬರ ಮಾತಿನ ಮೇಲೆ ನಿಂತದ್ದು, ಆ ಮಾತು ನಿಂತ ಮೇಲೆ ಏನಾಗಬೇಕು ಎಂಬ ಪ್ರಶ್ನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಸಿದ್ಧೇಶ್ವರ ಸ್ವಾಮಿಗಳು ಅದಕ್ಕೆ 2014ರ ಗುರುಪೂರ್ಣಿಮೆಯಂದೇ ಉತ್ತರ ಬರೆದಿಟ್ಟಿದ್ದರು. ಅಂತಿಮ ಅಭಿವಂದನ ಪತ್ರವೆಂದು ಅದಕ್ಕೆ ಹೆಸರು. ತಮ್ಮ ದೇಹವನ್ನು ಹೂಳಬಾರದು, ಅಗ್ನಿಗೆ ಕೊಡಬೇಕು. ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಬೇಕು. ಶ್ರಾದ್ಧಾದಿ ವಿಧಿಗಳು ಬೇಡ, ಸ್ಮಾರಕ ಬೇಡ ಎಂಬುದು ಅದರ ಸಾರ.

ಇದು ಎಷ್ಟು ದೊಡ್ಡ ಮಾತೆಂಬುದು ನಮ್ಮ ಕಡೆಯವರಿಗೆ ಗೊತ್ತು. ಲಿಂಗಾಯತ ಸಂಪ್ರದಾಯದಲ್ಲಿ ಸ್ವಾಮಿಗಳನ್ನು ಸಮಾಧಿ ಮಾಡುತ್ತಾರೆ. ಸಮಾಧಿಯ ಮೇಲೆ ಗದ್ದುಗೆ ಏಳುತ್ತದೆ. ಗದ್ದುಗೆಯ ಮುಂದೆ ಹುಂಡಿ ಬರುತ್ತದೆ, ಹುಂಡಿ ತುಂಬಿದ ಮೇಲೆ ಟ್ರಸ್ಟು, ಟ್ರಸ್ಟಿನ ಬೆನ್ನಿಗೆ ಕೋರ್ಟು. ಎಲ್ಲ ಕಡೆ ಹೀಗಾಗುತ್ತದೆಂದು ನಾನು ಹೇಳುವುದಿಲ್ಲ. ಗದ್ದುಗೆಗಳಿಂದ ಅನ್ನ, ಅಕ್ಷರ ನಡೆದ ಊರುಗಳೂ ಬೇಕಾದಷ್ಟಿವೆ. ಆದರೆ ಒಂದು ಖಾತೆಯ ಮೇಲೆ ಮೂರು ಜನ ಹಕ್ಕು ಹೇಳಿಕೊಂಡು ಬಂದಾಗ ಕೌಂಟರಿನ ಈಚೆ ಕುಳಿತವನಿಗೆ ಏನಾಗುತ್ತದೆಂದು ನಾನು ಬಲ್ಲೆ. ಅವರು ಆ ಖಾತೆಯನ್ನು ತೆರೆಯಲೇ ಇಲ್ಲ.

2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿನ, ಅವರು ದೇಹ ಬಿಟ್ಟರು. ಆ ಹೊತ್ತಿನ ಪರಿಸ್ಥಿತಿ ನಿಮಗೆ ನೆನಪಿರಬಹುದು. ಬರೀ ಒಂದು ತಿಂಗಳ ಹಿಂದೆ ಗಡಿಯ ಗದ್ದಲ ಎದ್ದಿತ್ತು. ನಮ್ಮ ಜತ್ತದ ಹಳ್ಳಿಗಳು ಯಾರವು ಎಂದು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಸುದ್ದಿ. ಬಸ್ಸಿಗೆ ಮಸಿ ಬಳಿದರು, ಕೆಲವು ದಿನ ಬಸ್ಸುಗಳೇ ನಿಂತವು. ಅಪ್ಪಗಳು ಹೋದರೆಂಬ ಸುದ್ದಿ ಬಂದ ರಾತ್ರಿ ಮಾತ್ರ ಗಡಿ ಎಲ್ಲಿದೆಯೆಂದು ನಮ್ಮ ಕಡೆ ಯಾರೂ ಕೇಳಲಿಲ್ಲ. ಜೀಪು, ಟೆಂಪೋ, ಮೋಟಾರ್ ಸೈಕಲ್ಲು, ಸಿಕ್ಕಿದ್ದರಲ್ಲಿ ವಿಜಯಪುರದ ದಾರಿ ಹಿಡಿದರು. ಮರುದಿನ ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಲಕ್ಷಾಂತರ ಜನ. ಸಂಜೆ ಆಶ್ರಮದ ಆವರಣದಲ್ಲಿ ಪತ್ರದಲ್ಲಿ ಬರೆದಂತೆ ಅಗ್ನಿಸಂಸ್ಕಾರವಾಯಿತು. ಬೂದಿ ಕೂಡಲಸಂಗಮದ ಹೊಳೆಗೆ, ಗೋಕರ್ಣದ ಸಮುದ್ರಕ್ಕೆ ಹೋಯಿತು.

ಹೊಳೆಗೆ ಬಿಟ್ಟರೂ ನಾವು ಬಿಟ್ಟಿಲ್ಲವೆಂಬುದು ಬೇರೆ ಮಾತು. ಕಿರಾಣಿ ಅಂಗಡಿ, ಗ್ಯಾರೇಜು, ಚಹಾದಂಗಡಿ, ಎಲ್ಲೆಲ್ಲೂ ಅವರ ಫೋಟೋ. ಸ್ಮಾರಕ ಬೇಡವೆಂದವರ ಮಾತನ್ನು ಮೀರಿದ ಹಾಗೆ ಅಲ್ಲವೇ ಎಂದು ಒಬ್ಬ ಅಂಗಡಿಕಾರನಿಗೆ ಕೇಳಿದೆ. ಅವನು, ಕಾಕಾ, ನಿಮ್ಮ ಪಡಸಾಲ್ಯಾಗ ಇಲ್ಲೇನ್ರಿ ಅಂದ. ಇದೆ. ತೆಗೆಯಬೇಕೆಂದು ಎರಡು ಸಲ ಸ್ಟೂಲು ಹಾಕಿದ್ದೇನೆ, ತೆಗೆದಿಲ್ಲ.

ಪ್ರವಚನ ಈಗ ಮೊಬೈಲಿನಲ್ಲಿ ಸಿಗುತ್ತದೆ. ನಮ್ಮ ಮನೆಯಲ್ಲಿ ನಸುಕಿನಲ್ಲಿ ಎದ್ದು ನನ್ನ ಹೆಂಡತಿ ಕನ್ನಡದ್ದು ಹಚ್ಚುತ್ತಾಳೆ. ಮೊಮ್ಮಗ ಎಂಟನೇ ಇಯತ್ತೆ, ಮರಾಠಿ ಶಾಲೆ. ಅವನು ಬಂದು ಮರಾಠಿಯದ್ದು ಹಚ್ಚು ಅನ್ನುತ್ತಾನೆ. ಮೊಬೈಲು ಒಂದೇ. ಹೀಗಾಗಿ ಸೋಮವಾರ ಕನ್ನಡ, ಮಂಗಳವಾರ ಮರಾಠಿ ಎಂದು ನಾನು ಪಾಳಿ ಹಾಕಿಕೊಟ್ಟಿದ್ದೇನೆ. ರವಿವಾರದ್ದು ಇನ್ನೂ ತೀರ್ಮಾನವಾಗಿಲ್ಲ.